ಕಾಲಿಲ್ಲದವರಿಗೆ ಮೆಟ್ಟಿಲು

ಲಾಡ್ಲೇಸಾಬ ಜೀವಮಾನದಾಗ ಕಟ್ಟಿದ ಮೆಟ್ಟಿಲಿಗೆ ಲೆಕ್ಕಿಲ್ಲ.
ದರ್ಗಾಕ್ಕ ಏಳು, ಸಾಲಿಗೆ ಐದು, ಪಂಚಾಯ್ತಿಗೆ ಮೂರು,
ನಮ್ಮ ಮನೀಗೆ ಒಂದೇ ಒಂದು, ಅದೂ ಒಡೆದ ಫರಸಿದು.
ಈ ಸಲ ಹಳ್ಳದಾಗ ಮೊಣಕಾಲಮಟ ನಿಂತು
ಉಳಿ ಒರಸಿಕೋತ ಕೇಳಿದ:
"ದ್ಯಾವವ್ವ, ಇವರ ಹೆಜ್ಜಿ ಎಷ್ಟು ಎತ್ತರ ಇರ್ತದ?"

ಗೇಣು, ಅಂದೆ.
ಬಸಿರಿದ್ದಾಗ ಅರ್ಧ ಗೇಣು.

ಒಡ್ಡು ನಮ್ಮದೇ. ಹನ್ನೊಂದು ವರ್ಷದ ಹಿಂದ
ಬುಟ್ಟಿ ಹೊತ್ತು ನಾವೇ ಕಟ್ಟಿದ್ದು.
ಬಾವಿಗೆ ನೀರು ಬಂತು, ತೊಗರಿಗೆ ಒಂದು ಹದ ಹೆಚ್ಚಾತು,
ಇಲ್ಲ ಅನ್ನಂಗಿಲ್ಲ.
ಆದ್ರ ಮಿರಗದ ಮಳಿಗೆ ಕಾಗಿಣಾದಿಂದ ಏರಿ ಬಂದವರು
ಆ ಗ್ವಾಡಿಗೆ ಹಣಿ ಬಡಕೊಂಡು, ಬಡಕೊಂಡು,
ಹಳ್ಳ ಇಳಿದ ಮ್ಯಾಲ ಗುಂಡಿಯೊಳಗ ಉಳಿದ್ರು.
ನಾವು ಬುಟ್ಟಿ ತಗೊಂಡು ಹೋದ್ವಿ.
ಹೌದು, ನಾನೂ.
ಹೊಟ್ಟಿ ಸೀಳಿದ್ರ ನವಣಿಯಂಗ ತತ್ತಿ,
ಖಾರ ಹಚ್ಚಿ ಹಂಚಿಗೆ ಹಾಕಿದ್ರ ಚಟಚಟ.
ಅಪ್ಪ ಅಂತಿದ್ದ, "ಒಂದು ತುತ್ತಿಗೆ ಒಂದು ಹಳ್ಳ ತಿಂತಿ ನೋಡು."
ನಕ್ಕೋತ ಅಂತಿದ್ದ.
ನಾನೂ ನಗತಿದ್ದೆ.

ಮ್ಯಾಲ ಫರಸಿ ಖಣಿ. ಅಲ್ಲಿಂದ ಪಾಲಿಶಿನ ರಾಡಿ
ಹಾಲಿನಂಗ ಇಳೀತಿತ್ತು. ಹಾಲಲ್ಲ.
ಒಣಗಿದ್ರ ಹಳ್ಳದ ತಳ ಸುಣ್ಣ ಹೊಡೆದ ಅಂಗಳ.
ಹಳ್ಳಿನ ಸಂದಿ ಎಲ್ಲಾ ಮುಚ್ಚಿ
ತತ್ತಿಗೆ ಉಸಿರಾಡಾಕ ಜಾಗ ಇರಲಿಲ್ಲ.
ಎರಡು ಬ್ಯಾಸಿಗಿ ಅದನ್ನ ಬಳಿದು ತೆಗೆದೀವಿ,
ಕೈಯಿಂದ, ಕೊಡಪಾನದಿಂದ, ಕೊನೀಗೆ ಸೆರಗಿನಿಂದ.
ಖಣಿ ಮಾಲೀಕ ಜಗದೇವಪ್ಪ ಫೋನ್ ಎತ್ತಲಿಲ್ಲ.
ಹೆಂಗಸರು ಹನ್ನೆರಡು ಬಕೀಟು ರಾಡಿ ಒಯ್ದು
ಅವನ ಕಾರಿನ ಮುಂದ ಸಾಲಾಗಿ ಇಟ್ಟು ಬಂದ್ರು.
ಮರುದಿನ ಎತ್ತಿದ.
ಈಗ ಮೂರು ಗುಂಡಿ ತೋಡಿಸ್ಯಾನ, ರಾಡಿ ಅಲ್ಲೇ ಕೂಡ್ತದ.
ಪೂರಾ ಅಲ್ಲ. ಜೋರು ಮಳಿ ಬಂದ್ರ
ಇನ್ನೂ ಬೆಳ್ಳಗೇ ಬರ್ತದ ನೀರು.

ದಂಡಿಗೆ ಲಕ್ಕಿ ಹಚ್ಚೀವಿ, ಜೇಕು ಹಚ್ಚೀವಿ.
ಆಡು ತಿಂದದ್ದು ತಿಂತು, ಉಳಿದದ್ದು ಉಳೀತು.
ಮಡುವಿನ ಮ್ಯಾಲ ಮಟಮಟ ಮಧ್ಯಾಹ್ನ
ಒಂದು ಕೌದಿಯಷ್ಟು ನೆರಳು.
ಮರಿಗಳಿಗೆ ಸಾಕು.
ಹೋದ ತಿಂಗಳು ಅದರ ಕೆಳಗ ಕೊರವ ಮೀನಿನ ಮರಿ
ಕುಂಕುಮ ಕದಡಿದಂಗ ಒಂದೇ ಕಡಿ ಮುದ್ದಿ ಕಟ್ಟಿದ್ದವು,
ತಾಯಿ ಸುತ್ತ ತಿರಗತಿತ್ತು,
ನನ್ನ ನೆರಳಿಗೂ ಬಾಯಿ ತೆಗೀತು.

ಒಡ್ಡಿನಾಗ ದಾರಿ ಕೊರೀತೀವಿ ಅಂದಾಗ ಮಲ್ಕಣ್ಣ ಎದ್ದು ನಿಂತ.
"ಸೀಳಿದ್ರ ನೀರು ಹೋಗ್ತದ."
ಹೋಗ್ತದ ಮಾವ. ಒಂದು ಮೊಳ ಹೋಗ್ತದ.
"ನನ್ನ ತೊಗರಿ ನಿನ್ನ ಮೀನಿಗೆ ಏನು ಮಾಡಿತ್ತು?"
ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.
ಮೂರು ದಿನ ಮಾತು ಬಿಟ್ಟ.
ನಾಕನೇ ದಿನ ಹಿತ್ತಲದಾಗಿನ ಒಡಕ ಫರಸಿ
ಬಂಡಿ ತುಂಬ ತಂದು ಸುರುವಿದ.
ಒಂದು ಮಾತಾಡಲಿಲ್ಲ,
ಎತ್ತು ಹೊಳ್ಳಿಸಿ ಹೋದ.

ಮೊದಲ ವರ್ಷ ಯಾರೂ ಬರಲಿಲ್ಲ.
ಮಂದಿ ಕೇಳಿದ್ರು, "ಪತ್ರಿಕಿ ಹಂಚಿಲ್ಲೇನ?"

ಈ ವರ್ಷ ಆರಿದ್ರಾದ ಎರಡನೇ ರಾತ್ರಿ
ಬ್ಯಾಟರಿ ಹಿಡಕೊಂಡು ಕುಂತೀವಿ, ನಾನು, ಲಾಡ್ಲೇಸಾಬ,
ತಲಿಮ್ಯಾಲ ಒಂದೇ ಗೊಬ್ಬರದ ಚೀಲ.
ಒಂದು ಗೆಂಡಿ ಬಂತು.
ಹೊಟ್ಟಿ ನೋಡಿದ್ರ ಇವತ್ತೋ ನಾಳೆಯೋ.
ಮೊದಲನೇದು ಹತ್ತಿತು. ಎರಡನೇದು ಹತ್ತಿತು.
ಮೂರನೇದಕ್ಕ ಜಿಗಿದು ಜಾರಿತು.
ಮತ್ತ ಜಿಗಿತು. ಮತ್ತ ಜಾರಿತು.
ನನ್ನ ಕೈ ತಾನಾಗೇ ಮುಂದ ಹೋತು,
ಎತ್ತಾಕೋ, ಹಿಡಿಯಾಕೋ,
ಕೈಗೂ ಗೊತ್ತಿರಲಿಲ್ಲ.

"ಮುಟ್ಟಬ್ಯಾಡ," ಅಂದ.
ನೀರೊಳಗ ಬೆರಳು ಇಟ್ಟು ಅಳೆದ.
"ಎರಡು ಬೆರಳು ಎತ್ತರ ಆಗ್ಯಾದ. ತಪ್ಪು ನಂದು."

ಚೀಲ ನನ್ನ ತಲಿಗೇ ಬಿಟ್ಟು
ಮಳಿಯೊಳಗ ಇಳಿದು ಕುಂತ.
ಕೆಳಗಿನ ಗುಂಡಿಯೊಳಗ ಅದು ಕಿವಿರು ಆಡಸ್ಕೋತ
ಕಾಯ್ತಿತ್ತೋ, ದಣಿದಿತ್ತೋ.
ಬ್ಯಾಟರಿ ಆರಿಸಿದೆ.
ಕತ್ತಲದಾಗ ಉಳಿ ಸಪ್ಪಳ,
ಹಗೂರಕ, ಮನಿಯಾಗ ಯಾರೋ ಮಲಗ್ಯಾರ ಅನ್ನುವಂಗ.