ಎಡಗಡೆಯ ಕೈ

ಹಟ್ಟಿ ಗಣಿಯ ಕಾರ್ಮಿಕರ ಕ್ಲಬ್ಬಿನ ಟೀವಿಗೆ
ಎಡಗಡೆ ಅಂಚು ಸತ್ತಿತ್ತು.
ನಾಕು ಬೆರಳಿನಷ್ಟು ಕಪ್ಪು.
ಅಲ್ಲಿ ನಿಂತವರು ಅರ್ಧ ಮಾತಾಡಿ
ಕತ್ತಲಿಗೆ ಹೋಗತಿದ್ದರು.
ವಾರ್ತೆ ಓದುವಾಕಿಗೆ ತೊಂದರೆ ಇದ್ದಿಲ್ಲ,
ನಟ್ಟನಡುವ ಕೂಡತಿದ್ದಳು.
ತೊಂದರೆ ಇದ್ದದ್ದು ನಮ್ಮ ಟನಾಟನ್ ಟೋಲಿಗೆ.

ಬುಧವಾರ ಸಂಜಿ, ಅರ್ಧ ತಾಸು,
ದಿಲ್ಲಿಯಿಂದ, ಹಿಂದಿಯಾಗ.
ಹಾರ್ಮೋನಿಯಂ ಒತ್ತುವ ಗುಂಗುರು ಕೂದಲಿನವ,
ಗಿಟಾರಿನ ಹುಡುಗಿ (ಅದನ್ನ ನಾವು ಗಿಡ್ಡ ತಂಬೂರಿ ಅಂತಿದ್ದಿವಿ),
ಗಲ್ಲ ಉಬ್ಬಿಸಿ ಪೀಪಿ ಊದುವ ದಪ್ಪನವ,
ಡ್ರಮ್ಮಿನ ಹಿಂದ ಮುಳುಗಿದ ಸಣ್ಣಾಕಿ,
ಐದನೆಯದು ಒಂದು ಕೈ.

ಬರೇ ಕೈ. ಮಣಿಕಟ್ಟಿನ ತನಕ.
ಕಬ್ಬಿಣದ ತ್ರಿಕೋಣ ತೂಗಿ ಹಿಡಿದ ಕೈ.
ಬಡಿಯುವ ಕೋಲಿನ ತುದಿ
ಕಪ್ಪಿನೊಳಗಿಂದ ಇಣುಕಿ
ಟಿಂಗ್ ಅನಿಸಿ ಹಿಂದ ಸರೀತಿತ್ತು.

ಯಾರದು ಆ ಕೈ?
ಹುಡುಗಂದು, ಉಗುರು ನೋಡು, ಅಂದಳು ಖಾಜಾಬಿ.
ಬಳಿ ಇಲ್ಲ ಅಂದಮ್ಯಾಗ ಹುಡುಗಂದೇ, ಅಂದ ಪೋಮ್ಯಾ.
ಸೌಂದರ್‌ರಾಜ್, ಕೋಲಾರದ ಗಣಿ ಬಿಟ್ಟು ಬಂದ ಫೋರ್‌ಮನ್ನನ ಮಗ,
ಅಲ್ಲಿ ಪೂರಾ ಕಾಣತದ, ಚೆಂದ ಹುಡುಗಿ, ಅಂದ.
ಹೆಸರು ಕೇಳಿದರ, ಮರತೀನಿ.
ಸುಳ್ಳ. ಆದರೂ ಅವಂಗ
ವಾರ ಪೂರಾ ಪೇರಲ ಕೊಟ್ಟಿವಿ.

ಹಾಡಿನ ಮಾತು ನಮಗ ತಿಳೀತಿದ್ದಿಲ್ಲ.
ಅವರು ಆಓ ಬಜಾಯೇಂ ಅಂದರ
ನಮ್ಮ ಕಿವಿಗೆ ಹಾವಿನ ಬಜಿ.
ಹಾವಿನ ಬಜಿ, ಹಾವಿನ ಬಜಿ ಅಂತ
ಸಾಲಿಗೆ ಹೋಗುವ ದಾರಿ ಪೂರಾ.
ಖಾಜಾಬಿಗೆ ಅರ್ಥ ಗೊತ್ತಿತ್ತು. ಹೇಳಲಿಲ್ಲ.
ಹಾವಿನ ಬಜಿಯೇ ಛಲೋ ಇತ್ತಲ್ಲ ಅಂದಳು,
ಇಪ್ಪತ್ತು ವರ್ಷ ಆದಮ್ಯಾಗ.

ಒಮ್ಮೊಮ್ಮೆ ನೆಲ ಗುಂಯ್ ಅಂತಿತ್ತು.
ಎರಡು ಸಾವಿರ ಅಡಿ ಕೆಳಗ ಬ್ಲಾಸ್ಟಿಂಗ್.
ಚಿತ್ರ ಕುಣಿದು ಮತ್ತ ನಿಲ್ಲತಿತ್ತು.
ಸಣ್ಣಾಕಿ ಡ್ರಮ್ಮಿಗೇ ಗ್ವಾಡಿ ನಡಗತಾವ ಅಂತ
ನನ್ನ ತಮ್ಮ ಮರಿಯಣ್ಣ ನಂಬಿದ್ದ.
ನಾನು ಬಿಡಿಸಿ ಹೇಳಲಿಲ್ಲ.
ಹೇಳಿದರ, ಅಪ್ಪ ಈಗ ಎಲ್ಲಿದ್ದಾನ ಅಂತ ಕೇಳತಿದ್ದ.

ಖಾಜಾಬಿಯ ಅಪ್ಪ ವರ್ಕ್‌ಶಾಪಿನ್ಯಾಗ
ಮುರಿದ ಡ್ರಿಲ್ ರಾಡು ಕಾಸಿ ಬಗ್ಗಿಸಿ ತಂದ.
ತ್ರಿಕೋಣ ಅನ್ನುವಂಗಿಲ್ಲ, ಹೊಟ್ಟಿ ಬಂದ ಸಮೋಸಾ.
ಬಡಿದರ ಟಿಂಗ್ ಅಲ್ಲ, ಡಣ್.
ಹಿಡಿದ ರಟ್ಟಿ ಸೋಲತಿತ್ತು.
ಕ್ಲಬ್ಬಿನ ಬಾಗಿಲ ಮರಿಗೆ ನಿಂತು
ಕೈ ಅಷ್ಟ ಹೊರಗ ಚಾಚಿ
ಪಾಳಿ ಹಚ್ಚಿ ಆಡತಿದ್ದಿವಿ.
ಎಲ್ಲರಿಗೂ ಕೈ ಆಗಬೇಕಿತ್ತು,
ಹಾರ್ಮೋನಿಯಂ ಆಗಲಿಕ್ಕೆ ಯಾರೂ ತಯಾರಿಲ್ಲ.

ಮುಂದ ಟೋಲಿ ನಿಂತಿತು. ಯಾವ ಬುಧವಾರ, ನೆನಪಿಲ್ಲ.
ಅದರ ಜಾಗಾದಾಗ
ಬೆಳಿಗೆ ಗೊಬ್ಬರ ಹಾಕುವ ರೀತಿ ತೋರಿಸಿದರು.
ಎರಡು ವಾರ ಕುಂತು ನೋಡಿದಿವಿ,
ಯೂರಿಯಾದ ನಡುವ ಕೈ ಬಂದೀತು ಅಂತ.

ಮೊನ್ನೆ ಪೋಮ್ಯಾ, ಈಗ ಪೋಮಣ್ಣ,
ಲಿಂಗಸೂಗೂರಿನ್ಯಾಗ ಟೈರಿನ ಅಂಗಡಿ,
ನನ್ನ ಫೋನಿಗೆ ಕಳಿಸಿದ.
ಯಾರೋ ಎಲ್ಲಿಂದಲೋ ಹುಡುಕಿ ತೆಗೆದ ಎರಡು ನಿಮಿಷ.
ಅಂಚು ಪೂರಾ. ಬಣ್ಣ ಬ್ಯಾರೆ.
ಪೀಪಿಯವ ಅಷ್ಟೇನು ದಪ್ಪಿಲ್ಲ.
ಸಣ್ಣಾಕಿ ಒಂದು ಕಡೆ ತಪ್ಪು ಬಾರಿಸಿ ನಗತಾಳ.
ಎಡಗಡೆ

ನೋಡುವ ಮೊದಲ ಹೆಬ್ಬಟ್ಟು ಇಟ್ಟೆ.
ಎಡ ಅಂಚು ಮುಚ್ಚುವಂಗ, ಉದ್ದಕ.
ಬೆರಳಿನ ಬಗಲಿಂದ ಬಂತು ನೋಡ್ರಿ,
ಅದೇ ಮಣಿಕಟ್ಟು, ಅದೇ ಉಗುರು.
ಅಷ್ಟರಾಗ ಫೋನು ಏನು ತಿಳಕೊಂಡಿತೋ,
ಚಿತ್ರ ನಿಲ್ಲಿಸಿತು.
ಕೋಲು ಕಬ್ಬಿಣಕ್ಕೆ ಇನ್ನೂ ತಾಗಿದ್ದಿಲ್ಲ.

ರಾತ್ರಿ ಪೋಮ್ಯಾ ಫೋನ್ ಮಾಡಿದ. ನೋಡಿದಿ?
ನೋಡಿದೆ.
ಯಾರಂತ ಹೇಳು ಮತ್ತ?
ಯಾಕ, ನೀ ನೋಡಲಿಲ್ಲೇನು ಅಂದೆ.
ಆ ಕಡೆ ಸ್ವಲ್ಪ ಹೊತ್ತು
ಟೈರಿಗೆ ಗಾಳಿ ಹೊಡೆಯುವ ಸದ್ದು.
ಇಲ್ಲ ಬೇ, ಅಂದ,
ನಾನೂ ನೋಡಿಲ್ಲ.