ಚತುರ್ಥಿ ವಿಭಕ್ತಿ

ಝಿನಾಯ್ದಾ ಪಾವ್ಲೊವ್ನಾ ನಮ್ಮ ಬಾಯಿಗೆ ಸಿಕ್ಕು
ಮೊದಲ ವಾರವೇ ಜೀನಾ ಮೇಡಂ ಆದರು.
ಸಂಜೆ ಆರರ ಕ್ಲಾಸು, ಹನ್ನೊಂದು ಜನ.
ರೈಲ್ವೆ ವರ್ಕ್‌ಶಾಪಿನ ಫಿಟ್ಟರು ನಾನು,
ಎಲ್ಐಸಿಯ ಅಂಬುಜಾಕ್ಷಿ, ಔಷಧಿ ಅಂಗಡಿಯ ಇನಾಯತ್,
ಲಷ್ಕರ್ ಮೊಹಲ್ಲಾದ ಅಲ್ಫೋನ್ಸ್ ರಾಜ್.
ಮೈಸೂರಲ್ಲಿ ಕೂತು ರಷ್ಯನ್ ಯಾಕೆ ಎಂದರೆ
ಒಬ್ಬರ ಹತ್ತಿರವೂ ಉತ್ತರವಿರಲಿಲ್ಲ.
ಫೀಸು ಕಮ್ಮಿ ಇತ್ತು.

ಡಿಸೆಂಬರ್ ಇಪ್ಪತ್ತಾರಕ್ಕೆ ಎಲ್ಲರೂ ಶುಭಾಶಯ ಹೇಳಿದೆವು.
ಅಲ್ಫೋನ್ಸ್ ಡಬ್ಬಿ ತುಂಬ ಅಚ್ಚುಮುರುಕು ತಂದ,
ಅಂಬುಜಾಕ್ಷಿ ಮೊಟ್ಟೆಯಿಲ್ಲದ ಪ್ಲಮ್ ಕೇಕು.
ಇನಾಯತನ ಕಾರ್ಡಿಗೆ ಹತ್ತಿಯ ಹಿಮ ಅಂಟಿಸಿತ್ತು.
ಅದನ್ನು ಉಗುರಿನಿಂದ ಮುಟ್ಟಿ ನೋಡಿ
'ಸ್ಪಸೀಬ, ಸ್ಪಸೀಬ' ಎಂದರು ಮೇಡಂ,
ಗುರುತಿಲ್ಲದವರ ಮದುವೆಯಲ್ಲಿ
ತಾಂಬೂಲ ಇಸಿದುಕೊಂಡವರ ಹಾಗೆ.

ಜನವರಿ ಆರು. ಪಾಠ ಚತುರ್ಥಿಗೆ ಬಂದಿತ್ತು.
ಬೋರ್ಡಿನ ಮೇಲೆ 'ಮ್ನ್ಯೇ' ಎಂದು ಬರೆದರು. ನನಗೆ.
ಮ್ನ್ಯೇ ಹೋಲದ್ನ: ನನಗೆ ಚಳಿ.
ಮ್ನ್ಯೇ ಸೋರಕ್ ಲ್ಯೆತ್: ನನಗೆ ನಲವತ್ತು ವರ್ಷ.
ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಹೋಗಿ ತಡವರಿಸಿದರು:
'ಐ ಅಲ್ಲ, ಐ ಅಲ್ಲ, ನಾನು ಏನೂ ಮಾಡುವುದಿಲ್ಲ,
ಅದು ಹೊರಗಿಂದ ಬರುತ್ತದೆ, ಬಂದು...'
'ನಮ್ಮಲ್ಲೂ ಹಾಗೇ ಮೇಡಂ' ಎಂದೆ.
ನನಗೆ ಹಸಿವು. ನನಗೆ ನಿದ್ದೆ. ನನಗೆ ನೆನಪು.
ನಾವು ಮಾಡುವುದಿಲ್ಲ ಮೇಡಂ, ನಮಗೆ ಆಗುತ್ತದೆ.
ಸೀಮೆಸುಣ್ಣ ಹಿಡಿದೇ ತಿರುಗಿದರು.
ನಾಲ್ಕು ತಿಂಗಳಲ್ಲಿ ಅವತ್ತೇ ಮೊದಲು
ನಾನು ಅವರಿಗೆ ಕಂಡದ್ದು.

ಆಮೇಲೆ ಕಿಟಕಿಗೆ ಹೋದರು. ಬಂದರು. ಮತ್ತೆ ಹೋದರು.
'ನಕ್ಷತ್ರ ಬಂತಾ?' ಎಂದು ಕೇಳಿದರು,
ಬಸ್ಸು ಬಂತಾ ಎನ್ನುವ ಧಾಟಿಯಲ್ಲಿ.

ಹಾಗೆ ಗೊತ್ತಾಯಿತು, ಅವರ ಕ್ರಿಸ್‌ಮಸ್ಸು ನಾಳೆ.
ಅವರ ಇಗರ್ಜಿಯ ಪಂಚಾಂಗ ಹದಿಮೂರು ದಿನ ಹಿಂದೆ.
ಇವತ್ತು ಮೊದಲ ನಕ್ಷತ್ರದ ತನಕ ಉಪವಾಸ.
'ನಮ್ಮೂರಲ್ಲಿ ಮೂರೂವರೆಗೇ ಕತ್ತಲು.
ನಿಮ್ಮ ಸೂರ್ಯನಿಗೆ ಮನೆ ಸೇರುವ ಅವಸರವೇ ಇಲ್ಲ.
ಅದೇ ಉಪವಾಸ, ಇಲ್ಲಿ ಮೂರು ಗಂಟೆ ಜಾಸ್ತಿ.'
ಎರಡು ಯುಗಾದಿಗೆ ಒಗ್ಗಿದ ಜನ ನಾವು,
ಚಾಂದ್ರಮಾನದ್ದೊಂದು, ಸೌರಮಾನದ್ದೊಂದು,
ಹದಿಮೂರು ದಿನ ಏನು ಮಹಾ.
ಆದರೂ ಅಂಬುಜಾಕ್ಷಿ ಸುಮ್ಮನಿರಲಿಲ್ಲ:
'ಅವತ್ತು ಕೇಕು ಕೊಟ್ಟಾಗ ಯಾಕೆ ಹೇಳಲಿಲ್ಲ?'
'ಅಜ್ಜಿ ಪರದೆ ಎಳೆದು ಹಬ್ಬ ಮಾಡುತ್ತಿದ್ದಳು.
ಶಾಲೆಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ.
ಹೇಳದೆ ಇರುವುದು ನಮಗೆ ಅಭ್ಯಾಸ.'
ನಮಗೆ ಎಂಬುದನ್ನು ಒತ್ತಿ ಹೇಳಿದರು, ಪಾಠ ಮುಗಿದಿರಲಿಲ್ಲ.

ಬ್ಯಾಗಿನಲ್ಲಿ ಬೇಯಿಸಿದ ಗೋಧಿ ಇತ್ತು.
ಅದಕ್ಕೆ ಬೆರೆಸುವ 'ಮಾಕ್' ಎಲ್ಲೂ ಸಿಕ್ಕಿರಲಿಲ್ಲ.
ಬೋರ್ಡಿನಲ್ಲಿ ಹೂವೊಂದನ್ನು ಬಿಡಿಸಿದರು,
ದಾಸವಾಳ ಎಂದ ಅಲ್ಫೋನ್ಸ್.
ಕಾಯಿ ಬಿಡಿಸಿದರು, ಬುಗುರಿ ಎಂದೆ ನಾನು.
ಸುಣ್ಣದ ಚೂರಿನಿಂದ ಚುಕ್ಕೆ, ಚುಕ್ಕೆ, ಚುಕ್ಕೆ...
'ಅಯ್ಯೋ, ಗಸಗಸೆ!' ಎಂದು ಚೀರಿದಳು ಅಂಬುಜಾಕ್ಷಿ.
ಇನಾಯತ್ ಸೈಕಲ್ಲೇರಿ ಸಂತೇಪೇಟೆಗೆ ಓಡಿದ,
ಐವತ್ತು ಗ್ರಾಂ ಪೊಟ್ಟಣದ ಜೊತೆ
ತನ್ನ ಅಂಗಡಿಯ ಕೆಮ್ಮಿನ ಜೇನನ್ನೂ ತಂದ.

ದಕ್ಷಿಣಕ್ಕೊಂದು ಬೆಳಕು ಮಿನುಗಿತು.
ಮೇಡಂ ಎದೆಯ ಮೇಲೆ ಶಿಲುಬೆ ಬರೆದು ಚಮಚ ಎತ್ತಿದರು.
'ಅದು ಚಾಮುಂಡಿ ಬೆಟ್ಟದ ದೀಪ, ಮೇಡಂ.'
ಚಮಚ ಕೆಳಗಿಟ್ಟರು.
ಹನ್ನೊಂದು ಜನ ವರಾಂಡದಲ್ಲಿ ಕತ್ತೆತ್ತಿ ನಿಂತೆವು,
ಹಸಿವು ಒಬ್ಬರದ್ದೇ.
ಸೊಳ್ಳೆ ಹೊಡೆಯುತ್ತ, ಪಿಸುಗುಡುತ್ತ.

ಕಡೆಗೆ ನೀರಿನ ಟ್ಯಾಂಕಿನ ಪಕ್ಕ ಬಂತು,
ಸಣ್ಣದು, ಯಾರೋ ಬೆರಳು ತೋರಿಸುವವರೆಗೂ ಕಾಣದಂಥದ್ದು.

ಡಬ್ಬಿಯ ಮುಚ್ಚಳದಲ್ಲಿ ನನಗೂ ಬಡಿಸಿದರು.
ತಣ್ಣಗಿನ ಗೋಧಿ, ಹಲ್ಲಿಗೆ ಸಿಗುವ ಗಸಗಸೆ.
ಹೇಗಿದೆ ಎಂದು ಕಣ್ಣಲ್ಲೇ ಕೇಳಿದರು.
'ಸಿಹಿ ಕಮ್ಮಿ' ಎಂದುಬಿಟ್ಟೆ, ಕನ್ನಡದಲ್ಲಿ.
ನೋಟ್‌ಬುಕ್ ತೆಗೆದು ತಮ್ಮ ಲಿಪಿಯಲ್ಲಿ ಬರೆದುಕೊಂಡು
ಕೇಳಿದರು: ಇದರಲ್ಲಿ ವಿಭಕ್ತಿ ಯಾವುದು?
ಯಾವುದೂ ಇಲ್ಲ ಮೇಡಂ.
ಬರೀ ಕಮ್ಮಿ.