ಇಪ್ಪತ್ತೆಂಟು ದಿನ

ಪೊನ್ನಂಪೇಟೆ ತಾಲ್ಲೂಕು ಕಚೇರಿಯ ಎದುರು
ನನ್ನ ಜೆರಾಕ್ಸ್ ಅಂಗಡಿ.
ದಿನಕ್ಕೆ ಮೂರೋ ನಾಲ್ಕೋ ಮರಣಪತ್ರ
ಗಾಜಿನ ಮೇಲೆ ಬೋರಲು ಮಲಗುತ್ತವೆ,
ಹಸಿರು ಬೆಳಕು ಅವುಗಳ ಅಡಿಯಲ್ಲಿ ಹಾದುಹೋಗುತ್ತದೆ.
ಒಂದಕ್ಕೆ ಎರಡು ರೂಪಾಯಿ.
ಪೌತಿ ಖಾತೆಗೆ ಐದು ಪ್ರತಿ ಸಾಕಂತೆ ಅನ್ನುತ್ತಾರೆ,
ಏಳು ತೆಗೆಸಿ ಅನ್ನುತ್ತೇನೆ ನಾನು. ಅನುಭವ.

ನಮ್ಮಣ್ಣನದು ಒಂದೂ ಇಲ್ಲ.

ಖಾರ್ಟೂಮಿನ ಐಸ್ ಕಾರ್ಖಾನೆಯಲ್ಲಿ
ಜನರೇಟರ್ ನೋಡಿಕೊಳ್ಳುತ್ತಿದ್ದ ಪೆಮ್ಮಯ್ಯ
ಯುದ್ಧ ಶುರುವಾದ ಎರಡನೇ ವಾರ ಅತ್ತಿಗೆಗೆ ಫೋನು ಮಾಡಿ,
"ಐಸೆಲ್ಲ ಕರಗಿ ರಸ್ತೆಗೆ ಹರೀತಿದೆ ಚೋಂದು,
ಮಕ್ಕಳು ಅದರಲ್ಲೇ ಆಡ್ತಾವೆ" ಅಂದ.
ಅಷ್ಟೇ.
ಆಮೇಲೆ ತಲಶ್ಶೇರಿಯ ಶಾಜು ಎಂಬಾತ, ಗುರುತಿಲ್ಲ,
ಜಿದ್ದಾದಲ್ಲಿ ಹಡಗಿಳಿದು ಫೋನು ಮಾಡಿದ:
ಹೆಣ ನೋಡಿದವನನ್ನು ತಾನು ನೋಡಿದ್ದಾಗಿ.
ಅಂಗಿಯ ಬಣ್ಣ ಯಾವುದಿತ್ತಂತೆ, ಕೇಳಿದೆ.
ಅದನ್ನು ಕೇಳಲಿಲ್ಲ ಚೇಚಿ, ಅಂದ.

ಏಳು ವರ್ಷ ಸುದ್ದಿಯಿಲ್ಲದಿದ್ದರೆ
ಸತ್ತನೆಂದೇ ಕಾನೂನು ಎಣಿಸುತ್ತದೆ, ಎಂದರು ವಕೀಲರು.
ಸುದ್ದಿ ಬಂದಿದೆಯಲ್ಲ ಸರ್?
ಅದು ಸುದ್ದಿಯಲ್ಲಮ್ಮ, ಮಾತು.
ಎರಡು ವರ್ಷ ನಾಲ್ಕು ತಿಂಗಳಾಗಿದೆ.

ಇಪ್ಪತ್ತೆಂಟು ದಿನಕ್ಕೊಮ್ಮೆ ಅವನ ಊರಿನ ಸಿಮ್ಮಿಗೆ
ದುಡ್ಡು ಹಾಕುತ್ತೇನೆ. ಬಿಟ್ಟರೆ ನಂಬರು
ಬೇರೆ ಯಾರಿಗೋ ಹೋಗಿಬಿಡುತ್ತದಂತೆ.
ಕಲಬುರಗಿಯ ಯಾವಳೋ ಹುಡುಗಿ ಹಲೋ ಅಂದರೆ
ಅತ್ತಿಗೆ ಏನು ಮಾಡಿಯಾಳು?
ಹುಟ್ಟಿದ ದಿನ ಬ್ಯಾಂಕಿನವರು ತಪ್ಪದೆ ಕಳಿಸುತ್ತಾರೆ:
ಪ್ರಿಯ ಗ್ರಾಹಕರೇ, ನೂರು ಕಾಲ ಬಾಳಿ.

ಗೋಣಿಕೊಪ್ಪದ ಮೊಯ್ದು ಕಾಕನ ಗೋದಾಮಿನಲ್ಲಿ
ಅವನ ಒಂಬತ್ತು ಚೀಲ ಕರಿಮೆಣಸು.
ಏಳುನೂರು ದಾಟಲಿ, ಮಾರೋಣ ಅಂದಿದ್ದ.
ದಾಟಿತು. ತೂಕದ ಚೀಟಿ ಹಿಡಿದು ಕಾಕ
ನನ್ನ ಮುಖ ನೋಡಿದರು.
ಇನ್ನೂ ಸ್ವಲ್ಪ ಏರಬಹುದು, ಅಂದೆ.
ಏರಬಹುದು ಏರಬಹುದು, ಅಂದರು ಅವರೂ,
ಆ ವಾರವೆಲ್ಲ ಇಳಿಯುತ್ತಲೇ ಇದ್ದ ದರ ಗೊತ್ತಿದ್ದೂ.

ಕಾರಣರಿಗೆ ಮೀದಿ ಇಡುವ ದಿನ
ಪಟ್ಟೆದಾರರು ಸತ್ತವರ ಹೆಸರು ಹೇಳುತ್ತ ಹೇಳುತ್ತ
ಚಿಕ್ಕಪ್ಪನದಾದ ಮೇಲೆ ಕೆಮ್ಮಿದರು.
ಕೆಮ್ಮು ಇರಲಿಲ್ಲ ಅವರಿಗೆ.
ಬಾಳೆಲೆಯ ತುದಿಯಲ್ಲಿ ಒಂದು ತುಂಡು ಹಂದಿ ಮಾಂಸ
ಬೇರೆಯಾಗಿಯೇ ಇತ್ತು,
ಯಾರಿಟ್ಟದ್ದೆಂದು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಸಾವಾದರೆ ಎರಡು.
ಅವನಿಗೆ ಆ ಒಂದು ಹಾರಿದೆ. ಅಜ್ಜ ಹಾರಿಸಿದ್ದಕ್ಕೆ
ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತು
ಲಕ್ಷ್ಮಣತೀರ್ಥದ ತನಕ ಓಡಿತ್ತೆಂದು ಅವ್ವ ನಗುತ್ತಿದ್ದಳು.
ಕೋವಿ ಅವನ ಹೆಸರಿನಲ್ಲೇ ಇದೆ.
ಕೈಲ್ ಪೊಳ್ದಿಗೆ ಎಣ್ಣೆ ಒರೆಸಿ, ತೋಕ್ ಪೂ ಸಿಕ್ಕಿಸಿ
ಮತ್ತೆ ಗೋಡೆಗೆ ಒರಗಿಸುತ್ತೇವೆ.

ರಾತ್ರಿ ಆನೆ ಅಟ್ಟುವವರ ಪಟಾಕಿ
ತೋಟದಾಚೆ ಸಿಡಿಯುತ್ತದೆ.
ಒಂದು.
ಅತ್ತಿಗೆಯ ಕೈ ಪತ್ತಾಕಿನ ಮೇಲೆ ನಿಲ್ಲುತ್ತದೆ.
ಒಲೆಯಲ್ಲಿ ಗಂಜಿ ಉಕ್ಕಿ ಸುರಿದರೂ ಯಾರೂ ಏಳುವುದಿಲ್ಲ.
ಎರಡು.
ಮೂರನೆಯದು ಕೇಳಿದರೆ ಉಸಿರು ಬಿಡುತ್ತೇವೆ:
ಆನೆಯೇ, ಆನೆಯೇ.
ಮೂರನೆಯದು ಬಾರದ ರಾತ್ರಿಗಳೂ ಇವೆ.

ನಿನ್ನೆ ಒಬ್ಬ ಹುಡುಗ ಬಂದಿದ್ದ, ಬಾಳೆಲೆ ಕಡೆಯವನು.
ಅಪ್ಪನ ಪತ್ರದಲ್ಲಿ ಹೆಸರಿನ ಒತ್ತಕ್ಷರ ತಪ್ಪಿದೆಯೆಂದು
ಕಚೇರಿಯವರನ್ನು ವಾಚಾಮಗೋಚರ ಬೈಯುತ್ತಿದ್ದ.
ಕಾಗದ ಕೈಯಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದೆ.
ತಾರೀಖಿತ್ತು. ಸ್ಥಳವಿತ್ತು. ದುಂಡನೆ ನೇರಳೆ ಸೀಲು.
ಹೊಟ್ಟೆಯಲ್ಲಿ ಏನೋ ಉರಿಯಿತು; ಅದಕ್ಕೆ
ಒಳ್ಳೆಯ ಹೆಸರಿಲ್ಲ.
ಎಷ್ಟಾಯ್ತಕ್ಕ, ಅಂದ.
ಹದಿನಾಲ್ಕು.
ಚಿಲ್ಲರೆ ಇರಲಿಲ್ಲ. ಇರಲಿ ಬಿಡು, ಇನ್ನೊಮ್ಮೆ ಬಂದಾಗ ಕೊಡು
ಅಂದೆ; ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನಾಳೆ ಇಪ್ಪತ್ತೆಂಟನೆಯ ದಿನ.
ಗಲ್ಲದಲ್ಲಿ ಇನ್ನೂರು ರೂಪಾಯಿ ಬೇರೆ ಎತ್ತಿಟ್ಟಿದ್ದೇನೆ.